ಅಲ್ಲಾಡದ ಕೈ

ಪೆನ್ಸಿಲಿನ ಸದ್ದು, ಹೆಂಡತಿಯದೇ, ಪಕ್ಕದ ಮೇಜಿನಿಂದ, ಸರ್ ಸರ್ ಎಂದು ನಿಲ್ಲದೆ ಹೋಗುತ್ತಿದೆ, ಅಳಿಸುವುದೇ ಇಲ್ಲವೇ ಇವಳು, ಒಂದು ಸಲವಾದರೂ ರಬ್ಬರ್ ಎತ್ತಿಕೊಳ್ಳಬಾರದೇ ಎಂದು ಅವನು ಕಿವಿಯನ್ನು ಅತ್ತ ಕೊಟ್ಟು, ಕಣ್ಣನ್ನು ತನ್ನ ಕಾಗದದಲ್ಲಿ ನೆಟ್ಟು ಕೂತಿದ್ದಾನೆ – ಮಣಿಕಟ್ಟಿನಲ್ಲಿ ಎಂಟು ಮೂಳೆ, ಅಂಗೈಯಲ್ಲಿ ಐದು, ಬೆರಳುಗಳಲ್ಲಿ ಹದಿನಾಲ್ಕು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾನೆ, ಒಪ್ಪಿಸದೆ ಏನು, ಹದಿನೆಂಟು ವರ್ಷದಿಂದ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಅದೇ ಕೆಲಸ, ಮೆಟ್ಟಿಲಿಂದ ಉರುಳಿದವರು, ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡವರು, ಸಿಟ್ಟಿನಲ್ಲಿ ಗೋಡೆಗೆ ಗುದ್ದಿ ಜಾರಿಬಿದ್ದೆ ಎನ್ನುವವರು, ಎಲ್ಲರ ಕೈಯನ್ನೂ ಒಳಗಿನಿಂದ ನೋಡಿದವನು ಅವನು, ಹೆಂಡತಿ ಏನು ನೋಡಿದ್ದಾಳೆ, ಪಾರ್ಲರಿನಲ್ಲಿ ಕೂತು ಗಿರಾಕಿಗಳ ಉಗುರು ತಿದ್ದಿ ಬಣ್ಣ ಹಚ್ಚುತ್ತಾಳೆ, ಅಷ್ಟೇ ತಾನೇ. ಕೈಯ ಚಿತ್ರ ಬರೆಯುವುದನ್ನು ಕಲಿಯಬೇಕೆಂದು ಆಸೆಪಟ್ಟವನು ಅವನು, ಈ ಸಂಜೆ ಕ್ಲಾಸನ್ನು ಹುಡುಕಿದವನು ಅವನು, ಶರೀರರಚನೆಯ ದಪ್ಪ ಪುಸ್ತಕದಲ್ಲಿ ಒಂದೊಂದು ಮೂಳೆಗೂ ಬೇರೆ ಬಣ್ಣ ಹಚ್ಚಿಕೊಂಡು ಓದಿದವನೂ ಅವನೇ. ಅವಳು ಬಂದದ್ದು ಸುಮ್ಮನೆ, ಒಬ್ಬಳೇ ಮನೇಲಿ ಕೂತು ಏನ್ಮಾಡ್ಲಿ, ನಾನೂ ಬರ್ತೀನಿ ರೀ, ಒಂದು ಮೂಲೇಲಿ ಕೂತಿರ್ತೀನಿ. ಬಾ ಎಂದಿದ್ದ. ನಗುನಗುತ್ತ ಬಾ ಎಂದಿದ್ದ, ದಡ್ಡ.

ಮೊದಲ ತಿಂಗಳು ಎಷ್ಟು ಚೆನ್ನಾಗಿತ್ತು, ಅವಳು ಬರೆದ ಕೈಗಳು ಹತ್ತಿ ತುಂಬಿದ ಕೈಗವಸಿನ ಹಾಗೆ ಉಬ್ಬಿಕೊಂಡಿರುತ್ತಿದ್ದವು, ಬೆರಳಿನೊಳಗೆ ಮಾಂಸಖಂಡವೇ ಇಲ್ಲ ಕಣೇ, ಎಳೆಯೋದೆಲ್ಲ ಮೊಣಕೈ ಕೆಳಗಿಂದ ಎಂದು ಇವನು ಹೇಳಿಕೊಡುತ್ತಿದ್ದ, ಹೌದೇನ್ರೀ ಎಂದು ಅವಳು ಕಣ್ಣರಳಿಸುತ್ತಿದ್ದಳು, ಆ ಕಣ್ಣರಳಿಸುವಿಕೆಗಾಗಿ ಇನ್ನೂ ನಾಲ್ಕು ಪುಟ ಓದಿಕೊಂಡು ಹೋಗಬಹುದಿತ್ತು. ಆಮೇಲೆ ಒಂದು ಸಂಜೆ ಮೇಷ್ಟ್ರು ಅವಳ ಮೇಜಿನ ಹತ್ತಿರ ನಿಂತವರು ಮುಂದೆ ಹೋಗಲೇ ಇಲ್ಲ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು, ಅವನ ಕಾಗದಕ್ಕೆ ಬಂದಾಗ ಮಾತ್ರ ಮೆಲ್ಲಗೆ ತಲೆಯಾಡಿಸಿ, ನಿಮ್ದ್ರಲ್ಲಿ ಒಂದು ತಪ್ಪೂ ಇಲ್ಲ ಸಾರ್, ಆದ್ರೆ ಈ ಕೈ ಯಾಕೋ ಉಸಿರು ಬಿಗಿಹಿಡ್ಕೊಂಡು ಮಲಗಿದೆ ನೋಡಿ, ಎಂದರು, ಕ್ಲಾಸೆಲ್ಲ ನಕ್ಕಿತು, ಅವಳು ನಗಲಿಲ್ಲ, ಅದೇ ಹೆಚ್ಚು ಉರಿಯಿತು. ಬಸ್ಸಿನಲ್ಲಿ ನಿಂತಿದ್ದಾಗ ಹೊಳೆಯಿತು, ಬೆಳಗಿಂದ ಸಂಜೆವರೆಗೆ ಅವನು ಜನರಿಗೆ ಹೇಳುವುದು ಒಂದೇ, ಕೈ ಚಪ್ಪಟೆಯಾಗಿ ಇಡಿ, ಬೆರಳು ಬಿಡಿಸಿ, ಹಾಗೇ ಇರಿ – ಅವನು ಬರೆದ ಮುದುಕಿಯ ಕೈ, ಮಗುವಿನ ಕೈ, ಮೂಟೆ ಹೊರುವವನ ಕೈ, ಎಲ್ಲವೂ ಎಕ್ಸ್‌ರೇ ಮೇಜಿನ ಮೇಲೆ ಮಲಗಿ ಅವನ ಮಾತು ಕೇಳುತ್ತಿದ್ದವು. ತಪ್ಪು ಗೊತ್ತಾದರೆ ಸಾಕೇ, ಒಂದು ಬೆರಳನ್ನು ಬಾಗಿಸಲು ಹೋದರೆ ಒಳಗಿನ ಮೂಳೆ ನೆನಪಾಗಿ ಪೆನ್ಸಿಲ್ ಅಲ್ಲೇ ಗಟ್ಟಿಯಾಗುತ್ತದೆ. ಅವಳು ಬರೆದ ಕೈಗಳಾದರೋ ಬಿಸಿ ಲೋಟ ಹಿಡಿಯುತ್ತವೆ, ಬೀಗ ತಿರುಗಿಸುತ್ತವೆ, ಕೊಡಲೋ ಬೇಡವೋ ಎಂದು ಅನುಮಾನಿಸುತ್ತವೆ. ಅದು ಹೇಗೆ ಬರುತ್ತೆ ನಿಂಗೆ ಎಂದು ಬಾಯಿಬಿಟ್ಟು ಕೇಳಿದ್ದ, ನಾಚಿಕೆಗೆಟ್ಟು. ಗಿರಾಕಿಗಳು ಕೈ ಚಾಚೋವಾಗ್ಲೇ ಗೊತ್ತಾಗಿಬಿಡತ್ತೆ ರೀ, ಯಾರು ಹೆದರಿದಾರೆ, ಯಾರು ಜಂಬದವರು, ಯಾರು ಮನೇಲಿ ಜಗಳ ಆಡ್ಕೊಂಡು ಬಂದಿದಾರೆ ಅಂತ, ಎಂದಳು ಪಾತ್ರೆ ತೊಳೆಯುತ್ತ, ಅದೇನು ಮಹಾ ಎನ್ನುವ ಹಾಗೆ. ಹೊಟ್ಟೆಕಿಚ್ಚು, ಹೌದು, ಹೊಟ್ಟೆಕಿಚ್ಚೇ, ಬೇರೆ ಹೆಸರು ಯಾಕೆ.

ಇವತ್ತು ಆಯ್ಕೆ. ಆಸ್ಪತ್ರೆಯವರು ಮೂಳೆ ವಿಭಾಗದ ಗೋಡೆಗೆ ಒಂದು ದೊಡ್ಡ ಕೈ ಚಿತ್ರ ಬೇಕೆಂದಿದ್ದಾರೆ, ಗೋಡೆ ಯಾವುದು, ಅವನ ಎಕ್ಸ್‌ರೇ ಕೋಣೆಯ ಬಾಗಿಲಿಗೆ ಎದುರಿನದು, ಸುದ್ದಿ ತಂದವನೂ ಅವನೇ, ಮೇಷ್ಟ್ರಿಗೆ ಹೇಳಿ ಕ್ಲಾಸಿಗೆ ಕೊಡಿಸಿದವನೂ ಅವನೇ – ಬೆಂಚಿನಲ್ಲಿ ಕಾಯುವವರು ಅದನ್ನು ನೋಡಿ ಯಾರು ಬರೆದದ್ದು ಎಂದು ಕೇಳಬೇಕು, ಒಳಗಿದ್ದಾರಲ್ಲ, ಅವರೇ, ಎಂದು ನರ್ಸು ಹೇಳಬೇಕು, ಹದಿನೆಂಟು ವರ್ಷದಲ್ಲಿ ಒಬ್ಬರೂ ಅವನ ಮುಖ ನೋಡಿದವರಿಲ್ಲ, ಫಿಲ್ಮು ನೋಡಿ ಹೊರಟುಬಿಡುತ್ತಾರೆ. ಅವಳ ಮೆತ್ತನೆಯ ಪೆನ್ಸಿಲ್ ಮಂಗಳವಾರದಿಂದ ಅವನ ಚೀಲದಲ್ಲಿದೆ. ಕದ್ದದ್ದಲ್ಲ, ಎತ್ತಿಟ್ಟದ್ದು, ಅಲ್ಲ, ಕದ್ದದ್ದೇ. ಅವಳು ಹುಡುಕಲೂ ಇಲ್ಲ, ಬೆರಳುದ್ದದ ತುಂಡಿನಲ್ಲೇ ಬರೆಯುತ್ತಿದ್ದಾಳೆ. ಸದ್ದು ನಿಂತಿತು. ಮೇಷ್ಟ್ರು ಎಲ್ಲರ ಕಾಗದವನ್ನೂ ತೆಗೆದುಕೊಂಡು ಗೋಡೆಗೆ ಸಿಕ್ಕಿಸುತ್ತಾರೆ, ಅವನದು ಮೂರನೆಯದು, ಅಚ್ಚುಕಟ್ಟು, ನಿರ್ದೋಷ, ಮಲಗಿದೆ. ಜನ ಅದನ್ನು ದಾಟಿ ಕೊನೆಯದರ ಮುಂದೆ ಗುಂಪುಗೂಡುತ್ತಾರೆ, ಹೋಗಬಾರದು ಎಂದುಕೊಳ್ಳುತ್ತಲೇ ಅವನೂ ಹೋಗುತ್ತಾನೆ. ಎಡಗೈ. ಮೊದಲು ಮೂಳೆ ಎಣಿಸಿದ, ಎಲ್ಲಾದರೂ ತಪ್ಪಿರಲಿ ದೇವರೇ, ಎಲ್ಲೂ ತಪ್ಪಿಲ್ಲ, ಎಷ್ಟು ಸರಿಯೆಂದರೆ ಕಿರುಬೆರಳು ಗೆಣ್ಣಿನ ಬಳಿ ಒಂಚೂರು ಸೊಟ್ಟ, ಚಿಕ್ಕಂದಿನಲ್ಲಿ ಮುರಿದು ಕೂಡಿಕೊಂಡದ್ದು, ಆ ಮುರಿತ ಅವನಿಗೆ ಗೊತ್ತು, ಅದರ ಫಿಲ್ಮನ್ನು ಅವನೇ ತೆಗೆದು ನೋಡಿದ್ದಾನೆ. ಕಾಗದವೊಂದರ ಮೇಲೆ ಕಮಾನಿನಂತೆ ಬಾಗಿದ ಕೈ, ನಾಲ್ಕು ಬೆರಳು ಒತ್ತೊತ್ತಾಗಿ, ಹೆಬ್ಬೆರಳು ಒಳಕ್ಕೆ, ಒತ್ತಿದ ರಭಸಕ್ಕೆ ಉಗುರು ಬಿಳಿಚಿದೆ, ಪರೀಕ್ಷೆಯಲ್ಲಿ ಪಕ್ಕದವನು ನೋಡದಿರಲೆಂದು ಉತ್ತರ ಮುಚ್ಚಿಕೊಳ್ಳುವ ಕೈ. ಯಾರ ಕೈಯಮ್ಮಾ ಇದು, ಮೇಷ್ಟ್ರು ಕೇಳಿದರು. ನಮ್ಮನೆಯವರದು ಸಾರ್. ಅವಳ ದನಿಯಲ್ಲಿ ಸಿಟ್ಟಿಲ್ಲ, ಹೆಮ್ಮೆಯೂ ಇಲ್ಲ. ಪಕ್ಕದಲ್ಲೇ ಕೂತಿರ್ತೀನಲ್ಲ, ಮೂರು ತಿಂಗಳಿಂದ ಅವ್ರ ಕಾಗದದಲ್ಲಿ ನಂಗೆ ಕಾಣೋದು ಇಷ್ಟೇ.

ಇದೇ ಹೋಗ್ಲಿ ಆಸ್ಪತ್ರೆಗೆ, ಎನ್ನುತ್ತಿದ್ದಾರೆ ಮೇಷ್ಟ್ರು, ಯಾರೋ ಅವನ ಬೆನ್ನು ತಟ್ಟುತ್ತಿದ್ದಾರೆ, ಅದೃಷ್ಟವಂತರು ಸಾರ್ ನೀವು, ಇನ್ನು ದಿನಾ ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಅದು, ಬೆಂಚಿನಲ್ಲಿ ಕೂತವರೆಲ್ಲ ಅದನ್ನೇ ನೋಡುತ್ತಾರೆ, ಹೆಂಗಸರ ಕೈ ಹಿಡಿದೇ ಮನಸ್ಸು ಓದುವವಳು ಅವನದನ್ನು ಯಾವಾಗ ಓದಿದಳು, ಮಂಗಳವಾರವೋ, ಅದಕ್ಕೂ ಮೊದಲೋ, ಪೆನ್ಸಿಲಿನ ವಿಷಯ ಗೊತ್ತೇ, ಗೊತ್ತಿರುತ್ತದೆ, ಜಾಗಕ್ಕೆ ಬಂದು ಕೂರುತ್ತಾನೆ, ಅವಳೂ ಬಂದು ಪಕ್ಕದಲ್ಲಿ ಕೂರುತ್ತಾಳೆ, ರೀ, ಎನ್ನುತ್ತಾಳೆ ಮೆಲ್ಲಗೆ, ಅವನು ತಲೆ ತಗ್ಗಿಸಿ ನೋಡುತ್ತಾನೆ, ಮುಂದೆ ಹೊಸ ಹಾಳೆ, ಒಂದು ಗೆರೆಯೂ ಇಲ್ಲದ ಖಾಲಿ ಹಾಳೆ, ಅದರ ಮೇಲೆ ಎಡಗೈ, ಬಾಗಿದೆ, ನಾಲ್ಕು ಬೆರಳು ಒತ್ತೊತ್ತಾಗಿ, ಹೆಬ್ಬೆರಳು ಒಳಕ್ಕೆ, ತೆಗೆಯಬೇಕು, ಅವಳು ನೋಡುತ್ತಿದ್ದಾಳೆ, ತೆಗೆಯಬೇಕು – ಖಾಲಿ ಹಾಳೆ, ಅದನ್ನು ಮುಚ್ಚಿದ ಕೈ, ಬಿಳಿಚಿದ ಉಗುರು, ಮುಚ್ಚಿದ ಕೈ