ಸೂರನಿಗೆ ಆರಡಿ ಮಣ್ಣು

ಬೆಳಿಗ್ಗೆ ಪಂಚಾಯಿತಿ ಕಚೇರಿಗೆ ಹೊರಡುವ ಮೊದಲು ಅಂಗಳದಲ್ಲಿ ಕೂತು ಬುಟ್ಟಿ ಹೆಣೆಯುವುದು ನಾಗುವಿನ ಅಭ್ಯಾಸ. ಅಧ್ಯಕ್ಷೆಯಾದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಅಂದು ಬುಟ್ಟಿಯ ತಳ ಕಟ್ಟಿ ಮುಗಿಯುವ ಮೊದಲೇ ಪಕ್ಕದ ಮನೆಯಿಂದ ಅತ್ತಿಗೆ ವನಜ ಕೂಗಿದಳು. ನಾಗು ಓಡಿ ಹೋಗುವಷ್ಟರಲ್ಲಿ ಅಣ್ಣ ಸೂರನ ಉಸಿರು ನಿಂತಿತ್ತು.

ತಲ್ಲೂರಿನಿಂದ ಒಳರಸ್ತೆ ಹಿಡಿದರೆ ಸಿಗುವ ಆ ಕೊರಗರ ಕಾಲನಿಯಲ್ಲಿ ಅಣ್ಣ ತಂಗಿ ಇಬ್ಬರೂ ಬೆಳೆದದ್ದು ಅವಮಾನ ಉಂಡುಕೊಂಡೇ. ಅಪ್ಪ ಊರವರ ಮನೆಯ ಕಾರ್ಯಗಳಿಗೆ ಡೋಲು ಬಡಿದು, ಎಂಜಲೆಲೆಯ ಅನ್ನ ತಂದು ಮಕ್ಕಳನ್ನು ಸಾಕಿದ್ದ. ಹದಿಹರೆಯದಲ್ಲಿ ನಾಗು ಹೆಂಚಿನ ಕಾರ್ಖಾನೆಗೆ ಸೇರಿದಳು. ಎಲ್ಲರೂ ಕುಡಿಯುವ ಕೊಡದಿಂದ ನೀರು ಮೊಗೆದು ಕುಡಿದಳೆಂದು ಮೇಸ್ತ್ರಿ ಅವಳನ್ನು ಹೊರಗೆ ಹಾಕಿದ. ಕೆಂಬಾವುಟದ ಯೂನಿಯನ್ನಿನವರು ಹೆಂಚು ಸುಡುವ ಗೂಡಿಗೆ ಬೆಂಕಿ ಹಾಕದೆ ಕೂತುಬಿಟ್ಟರು. ಅವರ ಮುಂದೆ ನಿಂತಿದ್ದವನು ಬಾಲಚಂದ್ರ, ಗದ್ದೆ ತೋಟವಿದ್ದ ಮನೆಯ ಹುಡುಗ. ನಾಗು ಕೆಲಸಕ್ಕೆ ಮರಳಿದಳು, ಆ ಕೊಡದ ನೀರನ್ನೇ ಕುಡಿದಳು. ಅಂದು ಹಿಡಿದ ಬಾವುಟವನ್ನು ಮತ್ತೆ ಕೆಳಗಿಡಲಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಬೀಡಿ ಕಟ್ಟುವ ಹೆಂಗಸರನ್ನೂ ಮನೆಜಾಗ ಇಲ್ಲದವರನ್ನೂ ಕರೆದುಕೊಂಡು ಕುಂದಾಪುರದ ತಾಲೂಕು ಕಚೇರಿಯ ಮೆಟ್ಟಿಲ ಮೇಲೆ ಧರಣಿ ಕೂತಳು. ಜೈಲಿಗೂ ಹೋಗಿಬಂದಳು. ಡೋಲು ಹೊಡೆಯಲು ಕರೆ ಬಂದರೆ ಹೋಗಬೇಡಿ ಎಂದು ಕಾಲನಿಯ ಮನೆಮನೆಗೆ ಹೇಳಿದಳು. ಪಂಚಾಯಿತಿಗೆ ಮತ್ತೆ ಮತ್ತೆ ಗೆದ್ದಳು, ಕೊನೆಗೆ ಅಧ್ಯಕ್ಷೆಯೂ ಆದಳು.

ಕಾಲನಿಯವರು ಹಿಂದೆ ಹೆಣ ಹೂಳುತ್ತಿದ್ದ ಗುಡ್ಡ ಈಗ ಕೆಂಪುಕಲ್ಲಿನ ಕ್ವಾರಿ. ಉಳಿದದ್ದು ಪಂಚಾಯಿತಿಯ ರುದ್ರಭೂಮಿ ಮಾತ್ರ. ಅಲ್ಲಿ ಸುಡುವವರಿಗೂ ಹೂಳುವವರಿಗೂ ಜಾಗವಿತ್ತು. ಊರಿನ ಸಮಿತಿಯವರು ಈಚೆಗೆ ದಾನ ಎತ್ತಿ ಮಾಡು ಹೊದಿಸಿ, ಗೇಟು ಇಡಿಸಿದ್ದರು. ಸೂರನನ್ನು ಹೊತ್ತು ಹೋದಾಗ ಆ ಗೇಟಿಗೆ ಬೀಗ ಬಿದ್ದಿತ್ತು. ಸಮಿತಿಯ ಮುಖ್ಯಸ್ಥ ಶ್ರೀಕರ ಎದುರು ನಿಂತಿದ್ದ. ಅವನ ಹಿಂದೆ ಏಳೆಂಟು ಮಂದಿ.

ಕಚೇರಿಯಲ್ಲಿ ‘ಅಧ್ಯಕ್ಷರೇ, ನೀವು’ ಎನ್ನುತ್ತಿದ್ದವನ ಬಾಯಲ್ಲಿ ಅಂದು ‘ನೀನು’ ಬಂತು.

“ನಾಗು, ನೀನೇ ಕಾಣ್, ನಂಗ್ ಮೇಲ್ ಕೀಳ್ ಅಂತ ಎಂತದೂ ಇಲ್ಲ. ಆದ್ರೆ ಊರೋರ್ ಮಾತೂ ಕೇಣ್ಕಲ್ದಾ. ದುಡ್ ಕೊಟ್ಟೋರ್ ನಾಳೆ ನನ್ನನ್ನೇ ಕೇಂತ್ರ್. ಹೊಳಿ ಬದೀಗೆ ನಿಮ್ಮೋರಿಗೇ ಅಂತ ಬೇರೆ ಜಾಗ ಮಾಡಿ ಕೊಡ್ತೆ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಾಗುವಿಗೆ ಸಿಟ್ಟೇರಿದ್ದು ಅದಕ್ಕೇ. ಮಳೆಗಾಲದಲ್ಲಿ ಹೊಳೆ ಆ ಬದಿಯನ್ನು ಕೊರೆದು ಒಯ್ಯುತ್ತದೆಂದು ಅವನಿಗೂ ಗೊತ್ತಿತ್ತು.

ಅಷ್ಟರಲ್ಲಿ ಬಾಲಚಂದ್ರ ಬೈಕಿನಲ್ಲಿ ಬಂದ. ಈಗ ಅವನು ಪಕ್ಷದ ತಾಲೂಕು ಕಾರ್ಯದರ್ಶಿ, ತಲೆ ಪೂರ್ತಿ ನರೆತಿತ್ತು. ನಾಗುವನ್ನು ಬದಿಗೆ ಕರೆದು ಮೆಲ್ಲಗೆ ಹೇಳಿದ: ಚುನಾವಣೆ ಹತ್ತಿರ ಬಂದಿದೆ, ಮುಂದಿನ ಸಲ ಮೀಸಲಾತಿ ಇರಲಿಕ್ಕಿಲ್ಲ, ಈ ಸಮಿತಿಯವರ ಮನೆಗಳ ವೋಟಿಲ್ಲದೆ ಗೆಲ್ಲುವುದು ಕಷ್ಟ. ಇವತ್ತು ಬೇರೆಲ್ಲಾದರೂ ಮಣ್ಣು ಮಾಡೋಣ, ನಾಳೆ ತಹಶೀಲ್ದಾರರಿಗೆ ದೂರು ಕೊಡೋಣ, ದೊಡ್ಡ ಮೆರವಣಿಗೆಯನ್ನೇ ಮಾಡೋಣ.

ನಾಗು ಪೂರ್ತಿ ಕೇಳಿಸಿಕೊಂಡಳು.

“ಕಾಮ್ರೇಡ್, ಅವತ್ ಒಂದ್ ಗುಟುಕ್ ನೀರಿಗೆ ಗೂಡೇ ನಿಲ್ಸಿದ್ರಿ. ಇವತ್ ಹೆಣ ಮುಂದ್ ಇಟ್ಕಂಡ್ ವೋಟ್ ಲೆಕ್ಕ ಹಾಕ್ತ್ರಿಯಾ?”

ಬಾಲಚಂದ್ರ ಬೈಕಿನ ಕೀ ಜೇಬಿಗಿಟ್ಟು ಕಾಲನಿಯವರ ನಡುವೆ ಹೋಗಿ ನಿಂತ.

ಕಾಲನಿಯ ಗಂಡಸರು ಬೀಗ ಒಡೆಯಲು ಕಲ್ಲು ಎತ್ತಿಕೊಂಡಿದ್ದರು. ನಾಗು ತಡೆದಳು. ಒಡೆದರೆ ನಾಳೆ ಊರೆಲ್ಲ ಒಡೆದದ್ದನ್ನೇ ಆಡಿಕೊಳ್ಳುತ್ತದೆ, ಹಾಕಿದ್ದನ್ನಲ್ಲ. ಹಾಕಿದವರೇ ತೆಗೆಯಲಿ ಎಂದಳು. ಚಟ್ಟವನ್ನು ಗೇಟಿನ ಬುಡದಲ್ಲಿ ಇಳಿಸಿ, ಪಕ್ಕದಲ್ಲೇ ಮಣ್ಣಿನ ಮೇಲೆ ಕೂತಳು. ಬಿಸಿಲು ಏರಿತು. ವನಜ ಗಂಡನ ಮುಖಕ್ಕೆ ಸೆರಗಿನ ನೆರಳು ಹಿಡಿದು ನಿಂತಿದ್ದಳು. ಪೊಲೀಸರನ್ನು ಕರೆಸೋಣ ಎಂದು ಆಚೆ ಕಡೆಯ ಒಬ್ಬ ಹೇಳಿದಾಗ, ಕರೆಸಿ ಎಂದಳು ನಾಗು. ಮತ್ತೆ ಶ್ರೀಕರನ ಕಡೆ ತಿರುಗಿದಳು.

“ಶ್ರೀಕರಣ್ಣ, ಕೊರೊನಾದಗೆ ನಿಮ್ಮಬ್ಬಿ ತೀರ್ಕಂಡಾಗ ಇದೇ ಜಾಗಕ್ಕೆ ಹೊತ್ಕಂಡ್ ಬಂದದ್ ಯಾರ್?”

ಆ ದಿನ ನೆಂಟರು ಬಾಗಿಲು ಹಾಕಿಕೊಂಡಿದ್ದರು. ಶ್ರೀಕರ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ರಸ್ತೆಯ ಆಚೆಯೇ ಉಳಿದಿದ್ದ. ಆ ತಾಯಿಯನ್ನು ಆಂಬುಲೆನ್ಸಿನಿಂದ ಇಳಿಸಿ, ಹೆಗಲ ಮೇಲೆ ಹೊತ್ತು, ಸೌದೆ ಜೋಡಿಸಿದವನು ಸೂರ. ಯಾರ ಹತ್ತಿರವೂ ಹೇಳಬೇಡ, ಮಗನಿಗೆ ನಾಚಿಕೆಯಾದೀತು ಎಂದು ತಂಗಿಗೆ ಹೇಳಿದ್ದ.

“ಅವತ್ ಆ ಹೆಗಲಿಗೆ ಜಾತಿ ಇರ್ಲಿಲ್ಲ,” ಎಂದಳು ನಾಗು. “ಇವತ್ ಅದೇ ಹೆಗಲ್ ಮಣ್ಣಿಗೆ ಹೋಪ ಹೊತ್ತಿಗೆ ಜಾತಿ ಬಂತಾ?”

ಅದು ಬೇರೆ ಇದು ಬೇರೆ ಎಂದು ಹಿಂದಿನಿಂದ ಯಾರೋ ಶುರುಮಾಡಿದರು. ಶ್ರೀಕರ ಕೈ ಎತ್ತಿ ಸುಮ್ಮನಿರಿಸಿದ. ಚಟ್ಟದ ಹತ್ತಿರ ಬಂದು ಸೂರನ ಮುಖ ನೋಡಿದ. ಆಮೇಲೆ ಜೇಬಿನಿಂದ ಕೀ ತೆಗೆದು ಬೀಗಕ್ಕೆ ಹಾಕಿದ. ಗೇಟು ತೆರೆಯಿತು. ಇಬ್ಬರು ಮೂವರು ಮುಖ ಗಂಟಿಕ್ಕಿಕೊಂಡು ಮನೆಯ ದಾರಿ ಹಿಡಿದರು.

ಬಾಲಚಂದ್ರ ಚಪ್ಪಲಿ ಕಳಚಿಟ್ಟು ಚಟ್ಟದ ಮುಂಬದಿಗೆ ಹೆಗಲು ಕೊಟ್ಟ. ಹಿಂಬದಿಯಲ್ಲಿ ಕಾಲನಿಯ ಮುದುಕನೊಬ್ಬ ಭಾರಕ್ಕೆ ತೂರಾಡುತ್ತಿದ್ದ. ಶ್ರೀಕರ ಅವನನ್ನು ಸರಿಸಿ, ತಾನು ಆ ಜಾಗದಲ್ಲಿ ನಿಂತ.

ನಾಗು ಅದನ್ನು ಕಂಡಳು. ಆದರೂ ಅವಳ ಸಿಟ್ಟು ಇಳಿಯಲಿಲ್ಲ. ಅಣ್ಣ ಯಾರ ತಾಯಿಯನ್ನೂ ಹೊರದೆ ಇದ್ದಿದ್ದರೆ? ಆಗ ಅವನಿಗೆ ಈ ಆರಡಿ ಮಣ್ಣು ಸಿಗುತ್ತಿರಲಿಲ್ಲವೇ? ಹಿಡಿಮಣ್ಣು ಹಾಕುವಾಗಲೂ ಅದೇ ಪ್ರಶ್ನೆ ಅವಳನ್ನು ಸುಡುತ್ತಿತ್ತು.

ಮುಂದಿನ ಸಭೆಯಲ್ಲಿ ಅವಳು ಗೇಟನ್ನೇ ಕಿತ್ತು ತೆಗೆಯುವ ನಿರ್ಣಯ ಮಂಡಿಸಿದಳು. ಗಲಾಟೆ ಎದ್ದಿತು, ಆದರೂ ಪಾಸಾಯಿತು. ಆ ಮನೆಗಳ ವೋಟು ಇನ್ನು ಸಿಕ್ಕುವುದಿಲ್ಲ ಎಂದು ಬಾಲಚಂದ್ರ ಹೇಳಿದ. ಈ ಸಲ ಅವನ ಮಾತಿನಲ್ಲಿ ಭಯವಿರಲಿಲ್ಲ.

ಗೇಟು ಕೀಳುವ ದಿನ ಯಾರೂ ಕರೆಯದಿದ್ದರೂ ಶ್ರೀಕರ ಸ್ಪಾನರ್ ಹಿಡಿದು ಬಂದ. ನಟ್ಟುಗಳನ್ನು ತಾನೇ ಬಿಚ್ಚಿದ. ಗೇಟು ಭಾರವಿತ್ತು. ಒಂದು ಬದಿ ಅವನು, ಇನ್ನೊಂದು ಬದಿ ನಾಗು ಹಿಡಿದು ಪಂಚಾಯಿತಿಯ ಗಾಡಿಗೆ ಏರಿಸಿದರು.