ಹದಿನೇಳು ಖಾಲಿ ಕೊಡ

ರಾಜ್ಯಶಾಸ್ತ್ರ ಎರಡನೆಯ ವರ್ಷದ ರೂಪಾಲಿಗೆ ಅಂದಿನ ಸೆಮಿನಾರ್‌ನಲ್ಲಿ ಒಪ್ಪಿಸಿದ್ದು ಒಂದೇ ಕೆಲಸ: ಅತಿಥಿಗಳಿಗೆ ಹೂಗುಚ್ಛ, ನೀರಿನ ಬಾಟಲಿ ಕೊಡುವುದು. ಗೋರೆಗಾಂವ್‌ನಿಂದ ಲೋಕಲ್ ರೈಲಿನಲ್ಲಿ ನಿಂತೇ ಬಂದು ಫೋರ್ಟ್‌ನ ಕಾಲೇಜು ಮುಟ್ಟುವಷ್ಟರಲ್ಲಿ ಇಸ್ತ್ರಿ ಮಾಡಿದ್ದ ಕುರ್ತಾ ಮುದುಡಿಹೋಗಿತ್ತು.

ವಿಷಯ, ನಗರಾಡಳಿತದಲ್ಲಿ ಜನರ ಪಾಲು. ಮೊದಲು ನಿವೃತ್ತ ಅಧಿಕಾರಿಯೊಬ್ಬರು ಪರದೆಯ ಮೇಲೆ ನಕ್ಷೆ ತೋರಿಸುತ್ತ ಒಂದು ತಾಸು ಮಾತನಾಡಿದರು. ಹಿಂದಿನ ಸಾಲಿನವರೆಲ್ಲ ಮೊಬೈಲ್ ನೋಡುತ್ತಿದ್ದರು. ಆಮೇಲೆ ಎದ್ದವರು ಮಹಾನಗರ ಪಾಲಿಕೆಯ ಮಾಜಿ ನಗರಸೇವಕಿ ಚಂಪಾ ಸುವರ್ಣ. ಉಡುಪಿ ಮೂಲದವರು, ಪರೇಲ್‌ನಲ್ಲಿ ಬೆಳೆದವರು. ಅವರು ಭಾಷಣ ಶುರುಮಾಡಲೇ ಇಲ್ಲ.

"ನಿಮ್ಮಲ್ಲಿ ವಾರ್ಡ್ ಆಫೀಸಿನ ಮೆಟ್ಟಿಲು ಹತ್ತಿದವರು ಯಾರಿದ್ದೀರಿ?" ಎಂದು ಹಿಂದಿಯಲ್ಲಿ ಕೇಳಿದರು.

ಗೋಡೆಗೊರಗಿ ನಿಂತಿದ್ದ ರೂಪಾಲಿ ಅಳುಕುತ್ತ ಕೈ ಎತ್ತಿದಳು. ಯಾರೋ ಅವಳ ಕೈಗೆ ಮೈಕ್ ಕೊಟ್ಟರು.

ಅವಳು ತಾನು ಕಂಡದ್ದನ್ನು ಹೇಳತೊಡಗಿದಳು. ಅವರ ಸಾಲುಮನೆಗಳ ಚಾಳಿನಲ್ಲಿ ಆಗ ನಲ್ಲಿ ನೀರು ಬರುತ್ತಿದ್ದದ್ದು ಮಧ್ಯಾಹ್ನ ಎರಡಕ್ಕೆ, ಹೆಂಗಸರೆಲ್ಲ ದುಡಿಯಲು ಹೋಗಿರುವ ಹೊತ್ತಿಗೆ. ವಿಜಯಪುರದಿಂದ ಮದುವೆಯಾಗಿ ಬಂದ ಅವ್ವ ಚನ್ನವ್ವನಿಗೆ ಮರಾಠಿ ಬರೆಯಲು ಬಾರದು. ಹತ್ತನೆಯ ತರಗತಿಯಲ್ಲಿದ್ದ ಮಗಳ ಕೈಯಲ್ಲಿ ಅರ್ಜಿ ಬರೆಸಿ, ಅವಳನ್ನೂ ಹದಿನಾರು ಹೆಂಗಸರನ್ನೂ ಕಟ್ಟಿಕೊಂಡು, ಹದಿನೇಳು ಖಾಲಿ ಕೊಡಗಳೊಂದಿಗೆ ವಾರ್ಡ್ ಆಫೀಸಿನ ಮೆಟ್ಟಿಲ ಮೇಲೆ ಕುಳಿತಳು. ಘೋಷಣೆ ಇಲ್ಲ, ಜಗಳ ಇಲ್ಲ. ಆಫೀಸಿನ ಸಾಹೇಬರು ಕೆಳಗಿಳಿದು ಬಂದು, ಏನಾಗಬೇಕೆಂದು ಕೇಳಿ ಅರ್ಜಿ ತೆಗೆದುಕೊಂಡರು. ಮರುತಿಂಗಳಿಂದ ಬೆಳಿಗ್ಗೆ ಆರೂವರೆಗೆ ನೀರು ಬಂತು.

"ಮೊದಲ ದಿನ ಅವ್ವ ಎರಡು ಸಲ ಸ್ನಾನ ಮಾಡಿದ್ಲು," ಎಂದಾಗ ಇಡೀ ಹಾಲ್ ನಕ್ಕಿತು. ಮೊಬೈಲ್ ನೋಡುತ್ತಿದ್ದವರೂ ತಲೆಯೆತ್ತಿದ್ದರು. ಚಂಪಾ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

ಊಟದ ಹೊತ್ತಿಗೆ ಅವರೇ ಹುಡುಕಿಕೊಂಡು ಬಂದರು. "ಕನ್ನಡದವಳಾ ನೀನು? ಅಮ್ಮನಿಗೆ ಫೋನ್ ಮಾಡು, ನಾನು ಮಾತಾಡ್ಬೇಕು."

"ಅವ್ವಾ, ಒಬ್ರು ಮೇಡಂ... ನಿನ್ನ ಕೂಡ ಬಾತ್ ಕರ್ನಾ ಅಂತಾರ," ಎಂದು ತಡವರಿಸಿ ರೂಪಾಲಿ ಸ್ಪೀಕರ್ ಒತ್ತಿದಳು.

"ಚನ್ನವ್ವನವರೇ, ಬರುವ ತಿಂಗಳು ನಮ್ಮ ಮಹಿಳಾ ಮಂಡಳದ ಸಭೆ ಉಂಟು. ನೀವೇ ಅತಿಥಿ. ಆ ಕೊಡದ ಕತೆ ಹೇಳ್ಬೇಕು ಮಾರಾಯ್ರೆ."

"ಅಯ್ಯ, ನಾ ಏನ್ ಹೇಳ್ಲಿ ಅಕ್ಕಾರ? ಹೋಗಿ ಕುಂತಿವಿ, ಅವ್ರು ನೀರ ಬಿಟ್ರು. ಅಷ್ಟ ಆತಲ್ಲ!"

"ಅಷ್ಟೇ ಹೇಳಿ, ಸಾಕು."

ಚನ್ನವ್ವನ ಧ್ವನಿ ಮೆಲ್ಲಗೆ ಬಂತು: "ಉಳಿದ ಹದಿನಾರ ಮಂದೀನೂ ಕರ್ಕೊಂಡ ಬರ್ಲೇನ್ರಿ?"

ಚಂಪಾ ಜೋರಾಗಿ ನಕ್ಕು, "ಬನ್ನಿ, ಎಲ್ಲರೂ ಬನ್ನಿ," ಎಂದರು.

ಮಧ್ಯಾಹ್ನದ ಗೋಷ್ಠಿಗೆ ರೂಪಾಲಿ ಗೋಡೆಯ ಬಳಿ ನಿಲ್ಲಲಿಲ್ಲ. ಗೆಳತಿಯರು ಎರಡನೆಯ ಸಾಲಿನಲ್ಲಿ ಅವಳಿಗೆಂದು ಕುರ್ಚಿ ಹಿಡಿದಿದ್ದರು.