ಬಾಗಿಲಿನ ಎರಡನೇ ಕೊಂಡಿ

೧

ಈ ಕಥೆಯನ್ನು ರೊಟ್ಟಿಯಿಂದ ಶುರು ಮಾಡಲೋ ಡ್ರ್ಯಾಗನ್ನಿನಿಂದಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಡ್ರ್ಯಾಗನ್ನಿನಿಂದ ಶುರು ಮಾಡಿದರೆ ನೀವು ಓದುತ್ತೀರಿ. ರೊಟ್ಟಿಯಿಂದ ಶುರು ಮಾಡಿದರೆ, ಇನ್ನೊಬ್ಬ ಗೃಹಿಣಿ ಬರೆಯಲು ಕೂತಳಪ್ಪ ಎಂದು ಪುಟ ತಿರುವುತ್ತೀರಿ. ಆದರೆ ಡ್ರ್ಯಾಗನ್ ಇನ್ನೂ ಬಂದಿಲ್ಲ, ಇತ್ತ ಹಂಚು ಕಾದಿದೆ. ಹೀಗಾಗಿ ರೊಟ್ಟಿ.

ವಿಜಯಪುರದಲ್ಲಿ, ಗೋಳಗುಮ್ಮಟದ ಹಿಂದಿನ ಒಂದು ಓಣಿಯಲ್ಲಿ, ಸಂಪದಾ ಎಂಬ ಹೆಂಗಸು ಬೆಳಗಿನ ರೊಟ್ಟಿ ಬಡಿಯುತ್ತಿದ್ದಳು. (ಸಂಪದಾ ನಾನಲ್ಲ. ನಮ್ಮಿಬ್ಬರಿಗೂ ಅಡಿಗೆಮನೆ ಒಂದೇ, ಅಷ್ಟೆ.) ಅವಳ ಮಗಳು ಅಮೋಘಿ, ಏಳನೇ ಕ್ಲಾಸು, ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು, ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕವನ್ನು ಎದೆಗೊತ್ತಿಕೊಂಡು ಬಾಗಿಲಿಗೆ ಬಂದು ನಿಂತಳು.

“ಅವ್ವಾ, ಇಲ್ವೆನ್ ಮನಿ ಬಾಗಲಕ್ಕ ಎರಡು ಕೊಂಡಿ ಅದಾವ.”

“ಯಾರ ಬೇ ಅಕಿ? ನಿಮ್ಮ ಸಾಲ್ಯಾಗಿನಕಿ?”

“ಬುಕ್ಕಿನ್ಯಾಗಿನಕಿ! ಅವರ ಊರಾಗ ಕೂಸು ಹುಟ್ಟಿದ ಕೂಡ್ಲೆ ಬಾಗಲಕ್ಕ ಕೊಂಡಿ ಹೊಡ್ದು ಒಂದು ದೀಪ ತೂಗ ಹಾಕ್ತಾರ. ಕೂಸು ಸತ್ರ ದೀಪ ತಗೀತಾರ, ಕೊಂಡಿ ಹಂಗ ಇರತೈತಿ. ಇಲ್ವೆನ್ ಒಬ್ಬಾಕೀನ ಮಗಳು. ಮತ್ತ ಎರಡನೇ ಕೊಂಡಿ ಯಾರ್ದು?”

ಪರಾತದ ಮೇಲೆ ಸಂಪದಾಳ ಕೈ ನಿಂತಿತು. ಅರ್ಧ ಬಡಿದ ರೊಟ್ಟಿಯ ಅಂಚು ಒಡೆಯಿತು. ಹಂಚಿನ ಮೇಲಿದ್ದದ್ದು ಕರಕಾಗಿ ವಾಸನೆ ಬಂತು.

“ರೊಟ್ಟಿ ಹೊತ್ತಾಕತ್ತೈತಿ ನೋಡು,” ಅಂದಳು ಅಮೋಘಿ.

“ಸಾಲಿಗೆ ಹೊತ್ತಾಗೇತಿ. ಇನ್ನೊಂದು ಕಾಲುಚೀಲ ಹುಡುಕು ನಡಿ.”

೨ (ಕೈಬಿಟ್ಟದ್ದು)

ಮೊದಲ ಕರಡಿನಲ್ಲಿ ಸಂಪದಾಳ ತವರು ಬಬಲೇಶ್ವರದಲ್ಲಿತ್ತು. ಅಲ್ಲಿನ ಬಸ್‌ಸ್ಟ್ಯಾಂಡು, ಒಂದು ಚಹಾದಂಗಡಿ, ಒಂದು ಬೇವಿನ ಗಿಡ, ಎಲ್ಲ ಚೆನ್ನಾಗಿ ಬಂದಿತ್ತು. ಸಂಪದಾ ಓದಿ ನೋಡಿ ಅಂದಳು:

“ನಮ್ಮವ್ವನ ಮನಿ ತಿಕೋಟಾದಾಗ ಐತಿ. ಬಬಲೇಶ್ವರದಾಗ ನಮ್ಮವರು ಯಾರದಾರ?”

“ಗುರುತು ಸಿಗಬಾರದು ಅಂತ ಬದಲಿಸಿದೆ. ಕಥೆಗಾರರು ಹಾಗೆ ಮಾಡುತ್ತಾರೆ.”

“ಯಾರಿಗೆ ಗುರುತು ಸಿಗಬಾರದು? ಓದಾವ್ರಿಗೋ, ನಿನಗೋ?”

ಆ ಕರಡನ್ನು ಹರಿದು ಹಾಕಿದೆ. ಬೇವಿನ ಗಿಡದ ಬಗ್ಗೆ ಈಗಲೂ ಮರುಕವಿದೆ.

೩

ಒಗಟು ಇಟ್ಟು ನಿಮ್ಮನ್ನು ಆಡಿಸುವ ಇರಾದೆ ನನಗಿಲ್ಲ. ಇದ್ದದ್ದನ್ನು ಹೇಳಿಬಿಡುತ್ತೇನೆ.

ಅಮೋಘಿಗಿಂತ ಮೊದಲು ಸಂಪದಾಳಿಗೆ ಒಂದು ಹೆಣ್ಣು ಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಬರುವ ಮುಂಚೆಯೇ ಹೋಯಿತು. ಆ ದಿನಕ್ಕೆಂದು ಸಂಪದಾಳ ತಾಯಿ ಗುರುಸಿದ್ದವ್ವ ಖಣದ ಬಟ್ಟೆಯಲ್ಲಿ ಕುಂಚಿಗೆ ಹೊಲಿದಿಟ್ಟಿದ್ದಳು. ಕೂಸಿನ ತಲೆಗೆ ಟೊಪ್ಪಿಗೆಯಾಗಿ ಬೆನ್ನ ಮೇಲೆ ಸೆರಗಿನಂತೆ ಇಳಿಬೀಳುತ್ತದಲ್ಲ, ಅದು. ಒಮ್ಮೆಯೂ ತೊಡಿಸದೆ ಮಡಿಚಿ ಟ್ರಂಕಿಗೆ ಹಾಕಿದರು.

ಮುಂದೆ ತಿಕೋಟಾದಲ್ಲೇ ಅಮೋಘಿ ಹುಟ್ಟಿದಾಗ ಹಿರಿಯರಿಗೆ ಅಂಜಿಕೆ. ಇದಕ್ಕೆ ನಮ್ಮ ಕಡೆ ಒಂದು ಉಪಾಯವಿದೆ. ಕೂಸನ್ನು ಮೊರದಲ್ಲಿ ಮಲಗಿಸಿ ನೆರೆಯವರಿಗೆ ಮಾರಿಬಿಡುವುದು. ಈ ಮನೆಯ ಕೂಸನ್ನು ಹುಡುಕಿಕೊಂಡು ಬಂದದ್ದು, ಇದು ಇವರದಲ್ಲ ಎಂದು ಮೋಸಹೋಗಿ ತಿರುಗಿ ಹೋಗುತ್ತದಂತೆ. ಪಕ್ಕದ ಮನೆಯ ಶಹಜಾದಿ ಒಂದು ಬೊಗಸೆ ಜೋಳದ ನುಚ್ಚು ಸುರಿದು ಅಮೋಘಿಯನ್ನು ಕೊಂಡಳು. ಕೊಂಡ ಕೂಸಿಗೆ ಹೊಸ ಬಟ್ಟೆ ಹಾಕುವಂತಿಲ್ಲ. ತನ್ನ ಹಳೇ ಸೀರೆ ಹರಿದು ಕುಂಚಿಗೆ ಹೊಲಿದಳು. ಆಮೇಲೆ ಸಂಪದಾಳ ತೊಡೆಯ ಮೇಲೆ ಕೂಸನ್ನು ಇಟ್ಟು, “ಮಗಳು ನನ್ನಾಕಿ. ನೀ ಬರೇ ಸಾಕಿ ಕೊಡು ಬೇ,” ಅಂದಳು.

ಈ ಮಾರಾಟ ಅಮೋಘಿಗೆ ಗೊತ್ತು. ಪ್ರತಿ ಸಲ ತಿಕೋಟಾಕ್ಕೆ ಹೋದಾಗಲೂ ಶಹಜಾದಿ ಕಟ್ಟೆಯಿಂದಲೇ ಕೂಗುತ್ತಾಳೆ: “ಏ ಸಂಪದಾ, ನನ್ನ ಮಗಳನ್ನ ಯಾವಾಗ ಕಳಸ್ತಿ?” ಅಮೋಘಿ ಸೊಂಟದ ಮೇಲೆ ಕೈಯಿಟ್ಟು, “ಇನ್ನೊಂದು ಬೊಗಸಿ ನುಚ್ಚು ಹಾಕು ಮೌಶಿ, ಇವತ್ತ ಬರ್ತೀನಿ!” ಅನ್ನುತ್ತಾಳೆ. ಇಬ್ಬರೂ ನಗುತ್ತಾರೆ.

ಮಾರಿದ್ದು ಗೊತ್ತು. ಯಾಕೆ ಮಾರಿದರು ಎಂಬುದು ಗೊತ್ತಿಲ್ಲ. ಸಣ್ಣವಳಿದ್ದಾಗ ಹೇಳಲಿಲ್ಲ. ದೊಡ್ಡವಳಾಗಲಿ ಎಂದು ಗಂಡ ಶ್ರೀಶೈಲ ಅಂದ, ಸಂಪದಾ ಹೂಂ ಅಂದಳು. ಈಗ ಹೇಳಿದರೆ, ನಾನು ಇನ್ನೊಬ್ಬಳ ಜಾಗಕ್ಕೆ ಬಂದವಳೇನು ಎಂದು ಹುಡುಗಿ ಅಂದುಕೊಂಡುಬಿಟ್ಟರೆ? ಸಂಪದಾಳ ಅಂಜಿಕೆ ಇದೇ. ಈ ಕಥೆಯಲ್ಲಿ ಇನ್ನೇನೂ ಇಲ್ಲ. ಡ್ರ್ಯಾಗನ್ ಬರೀ ಆಸೆ ತೋರಿಸಲಿಕ್ಕೆ.

೩, ಮುಂದುವರಿದು

(ಈ ಕಥೆಯಲ್ಲಿ ಒಬ್ಬಳಿಗೆ ಹೆಸರಿಲ್ಲ. ವಿಮರ್ಶಕರು ಇದನ್ನು ತಂತ್ರ ಎನ್ನಬಹುದು. ತಂತ್ರವಲ್ಲ. ‘ಮೊದಲನೇ ಕೂಸು’ ಎಂದು ಪದೇ ಪದೇ ಬರೆಯುವುದು ನನಗೂ ಕಷ್ಟವಾಗಿ, “ಒಂದು ಹೆಸರು ಇಟ್ಟುಬಿಡಲೇ? ಕಥೆಗೆ ಅನುಕೂಲ,” ಎಂದು ಸಂಪದಾಳನ್ನು ಕೇಳಿದೆ.

“ಹೆಸರು ಇಡಾಕ ಸೋದರತ್ತಿ ಬರಬೇಕು,” ಅಂದಳು. “ನೀ ಏನ ಸೋದರತ್ತಿ?”

ಆಮೇಲೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಅದಕ್ಕೇ ಈ ಭಾಗ ಸಣ್ಣದು.)

೪

ಮಗಳನ್ನು ಶಾಲೆಗೆ ಕಳಿಸಿ, ಸಂಪದಾ ಆ ಪುಸ್ತಕ ಹಿಡಿದಳು. ಇಲ್ವೆನ್‌ಳ ಅವ್ವ ಏನು ಹೇಳುತ್ತಾಳೆ ಎಂದು ನೋಡಬೇಕಿತ್ತು. ಆ ಅವ್ವ ಹೇಳಿದ್ದನ್ನೇ ತಾನೂ ಹೇಳಿಬಿಟ್ಟರಾಯಿತು ಎಂಬ ದುರಾಸೆ.

ಕುಕ್ಕರಿನ ಸೀಟಿಗೂ ಸೀಟಿಗೂ ನಡುವೆ ಓದಿದಳು. ಮೆಂತ್ಯೆ ಸೋಸುತ್ತ ಓದಿದಳು. ಮೊದಲಿಗೇ ಒಂದು ನಕಾಶೆ. ಅದರಲ್ಲಿ ನದಿ, ಬೆಟ್ಟ, ಮೂಳೆಗಳ ಕಾಡು ಎಲ್ಲ ಉಂಟು, ಒಂದಾದರೂ ಬಸ್ಸಿನ ರಸ್ತೆಯಿಲ್ಲ. ರಾಜನ ಹೆಸರೂ ಕುದುರೆಯ ಹೆಸರೂ ಒಂದೇ ನಮೂನೆ. ಕುದುರೆ ಸತ್ತಾಗ ರಾಜ ಸತ್ತನೆಂದು ತಿಳಿದು, ಮುಂದಿನ ಅಧ್ಯಾಯದಲ್ಲಿ ಅವನು ಊಟಕ್ಕೆ ಕೂತಾಗ ಗಾಬರಿಯಾದಳು. ಡ್ರ್ಯಾಗನ್ ಇದೆ ಎಂದು ಎಲ್ಲರೂ ಹೇಳುತ್ತಾರೆ, ಕಂಡವರಿಲ್ಲ.

“ನನಗ ಯಾವುದೂ ತಿಳಿವಲ್ದು,” ಎಂದು ನನ್ನ ಮೇಲೆ ಹರಿಹಾಯ್ದಳು. “ಆ ಬುಕ್ಕೂ ತಿಳಿವಲ್ದು, ನೀ ಬರಿಯಾಕತ್ತದ್ದೂ ತಿಳಿವಲ್ದು.”

ಇದು ಆಧುನಿಕೋತ್ತರ ಕಥೆ, ಸ್ವಲ್ಪ ಗೊಂದಲ ಇರಬೇಕು ಎಂದೆ. “ನಮ್ಮ ಮನ್ಯಾಗ ಗೊಂದಲಕ್ಕ ಬರಗಾಲೇನಿಲ್ಲ, ನೀ ಬ್ಯಾರೆ ತರಬ್ಯಾಡ,” ಅಂದಳು.

ನಾಲ್ಕಾರು ದಿನಕ್ಕೆ ಕೊನೆಗೂ ಮುಗಿಸಿದಳು. ಕೊನೆಯ ಪುಟದಲ್ಲಿ ಇಲ್ವೆನ್ ಬಾಗಿಲಲ್ಲಿ ನಿಂತು, ಎರಡನೇ ಕೊಂಡಿಯನ್ನು ಮುಟ್ಟಿ, ಅವ್ವನ ಕಡೆ ತಿರುಗುತ್ತಾಳೆ. ಅವ್ವ ಬಾಯಿ ತೆರೆಯುತ್ತಾಳೆ. ಅಲ್ಲಿಗೆ ಮೊದಲ ಭಾಗ ಮುಗಿಯಿತು.

ಸಂಪದಾ ಪುಸ್ತಕವನ್ನು ತಿರುವಿ ಮುರುವಿ ನೋಡಿದಳು, ಎಲ್ಲೋ ಒಂದು ಹಾಳೆ ಅಂಟಿಕೊಂಡಿರಬಹುದೆಂದು. ಸಂಜೆ ಜುಬೇರನ ಪುಸ್ತಕದಂಗಡಿಗೆ ಹೋದಳು.

“ಎರಡನೇ ಭಾಗ ಇನ್ನೂ ಬಂದಿಲ್ರಿ ಅಕ್ಕಾರ. ಬರದಾವ್ರು ಇನ್ನೂ ಬರದಽ ಇಲ್ಲಂತ. ಮಗಳು ಭಾಳ ಗಡಿಬಿಡಿ ಮಾಡಾಕತ್ತಾಳೇನ್ರಿ?”

“ಹೂಂನಪಾ, ಮಗಳು,” ಅಂದಳು ಸಂಪದಾ. “ಅಷ್ಟು ದಪ್ಪ ಬುಕ್ಕ ಬರದು, ಅವ್ವ ಏನಂದ್ಲು ಅನ್ನೂದೊಂದು ಬರಿಯಾಕ ಆಗಲಿಲ್ಲೇನು ಅವರಿಗೆ?”

೫

ರವಿವಾರ ತಿಕೋಟಾಕ್ಕೆ ಹೋಗುವುದಿತ್ತು. ಹಿಂದಿನ ದಿನ ಸಂಪದಾ ಒಂದು ಶಾಣ್ಯಾತನ ಮಾಡಿದಳು. (ಬೇಡ ಅಂದೆ. ಕೇಳಲಿಲ್ಲ. ಲೇಖಕರ ಮಾತನ್ನು ಪಾತ್ರಗಳು ಕೇಳುತ್ತವೆ ಅನ್ನುವವರು ಸಂಪದಾಳನ್ನು ಕಂಡಿಲ್ಲ.) ಶಹಜಾದಿಗೆ ಫೋನ್ ಹಚ್ಚಿ, “ಈ ಸಲ ಆ ಮಗಳನ್ನ ಕೇಳೂ ಚಾಷ್ಟಿ ಬ್ಯಾಡ ಮೌಶಿ. ಹುಡುಗಿ ಏನೇನೋ ಓದಾಕತ್ತಾಳ, ತಲ್ಯಾಗ ಹುಳ ಬಿಟ್ಕೊಂಡಾಳ,” ಅಂದಳು.

ಆ ಕಡೆಯಿಂದ ಶಹಜಾದಿ, “ಆತು ಬೇ. ನೀ ಹೆಂಗ ಹೇಳ್ತಿ ಹಂಗ.”

ಬಸ್ಸಿಳಿದು ಓಣಿಗೆ ಬಂದರು. ಶಹಜಾದಿ ಕಟ್ಟೆಯ ಮೇಲೆ ಒಣದ್ರಾಕ್ಷಿಯ ಕಡ್ಡಿ ಆರಿಸುತ್ತ ಕೂತಿದ್ದಳು. ಅಮೋಘಿ ಹೆಜ್ಜೆ ನಿಧಾನ ಮಾಡಿದಳು, ಆಗಲೇ ಸೊಂಟದ ಮೇಲೆ ಕೈ ಹೋಗಿತ್ತು. ಶಹಜಾದಿ ಅವಳ ತಲೆ ಸವರಿದಳು. ಒಂದು ಹಿಡಿ ಒಣದ್ರಾಕ್ಷಿ ಕೊಟ್ಟಳು. “ಅಭ್ಯಾಸ ಚೊಲೋ ಮಾಡಾಕತ್ತೀಯಿಲ್ಲೋ?” ಎಂದು ಕೇಳಿದಳು.

ಅಷ್ಟೇ.

ಅಮೋಘಿಯ ಕೈ ಸೊಂಟದಿಂದ ಕೆಳಗಿಳಿಯಿತು. ಅವಳು ಮೊದಲು ಶಹಜಾದಿಯನ್ನು ನೋಡಿದಳು, ಆಮೇಲೆ ಅವ್ವನನ್ನು ನೋಡಿದಳು. ಸಂಪದಾ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದಳು. ಆ ಚಪ್ಪಲಿಗೆ ಬಕಲ್ಲೇ ಇರಲಿಲ್ಲ.

ಮಧ್ಯಾಹ್ನ ಗುರುಸಿದ್ದವ್ವ, “ಅಮೋಘಿ, ಟ್ರಂಕಿನ್ಯಾಗಿನ ಕೌದಿ ತಗದು ಬಿಸಲಿಗೆ ಹಾಕು ನನ್ನವ್ವ,” ಅಂದಳು. ಪಾಪ, ಆಕೆಗೆ ಪುಸ್ತಕವೂ ಗೊತ್ತಿಲ್ಲ, ಫೋನೂ ಗೊತ್ತಿಲ್ಲ. ಸಂಪದಾ ಕೈಯಲ್ಲಿದ್ದ ತಾಟು ಇಟ್ಟು ಒಳಗೆ ಹೋಗುವಷ್ಟರಲ್ಲಿ ಕೌದಿ ಹೊರಬಂದಿತ್ತು. ಅದರ ಕೆಳಗಿನಿಂದ ಎರಡು ಕುಂಚಿಗೆ.

ಒಂದನ್ನು ಅಮೋಘಿ ಬಲ್ಲಳು: ಶಹಜಾದಿಯ ಸೀರೆಯದು, ಮೊದಲ ವರ್ಷದ ಫೋಟೋದಲ್ಲಿ ಅವಳ ತಲೆಯ ಮೇಲಿರುವುದು, ತೊಳೆದು ತೊಳೆದು ಬಣ್ಣ ಹೋದದ್ದು. ಇನ್ನೊಂದು ಖಣದ್ದು. ಅಂಚಿಗೆ ಕಲಾಬತ್ತಿನ ಜರಿ. ಒಂದು ಕಲೆಯಿಲ್ಲ, ಒಂದು ಸುಕ್ಕಿಲ್ಲ, ಮಡಿಕೆ ಮಾತ್ರ ಕತ್ತಿಯ ಹಾಗೆ ಕೂತಿದೆ. ಮಡಿಕೆಯೊಳಗೆ ಅಂಗೈಯಷ್ಟು ಒಂದು ಲಂಗ.

ಅಮೋಘಿ ಲಂಗವನ್ನು ಇದ್ದಲ್ಲೇ ಇಟ್ಟು, ಖಣದ ಕುಂಚಿಗೆಯನ್ನು ಹಳೆಯ ಮಡಿಕೆಯ ಗೆರೆಯ ಮೇಲೇ ಮಡಿಚಿದಳು. ಬಾಗಿಲಲ್ಲಿ ನಿಂತ ಅವ್ವನ ಪಕ್ಕದಿಂದ ಕೌದಿ ಹೊತ್ತುಕೊಂಡು ಬಿಸಿಲಿಗೆ ಹೋದಳು.

೫, ೬ರ ನಡುವೆ, ಬಸ್ಸಿನಲ್ಲಿ

“ಶಹಜಾದಿ ಮೌಶಿ ಇವತ್ತ ನನ್ನ ಕೇಳಲಿಲ್ಲ.”

“ಮರ್ತಿರಬೇಕು.”

“ಅಕಿ ಮರಿಯಾಂಗಿಲ್ಲ ಅವ್ವಾ. ನೀ ಬ್ಯಾಡ ಅಂದಿರಬೇಕು.”

ಸಂಪದಾ ಕಿಟಕಿಯ ಹೊರಗೆ ನೋಡಿದಳು. ದ್ರಾಕ್ಷಿ ಪಡಗಳು ಹಿಂದಕ್ಕೆ ಓಡುತ್ತಿದ್ದವು. ಅಮೋಘಿ ಪುಸ್ತಕ ತೆರೆದಳು, ಕೊನೆಯ ಪುಟವನ್ನು. ಊರು ಬರುವ ತನಕ ಪುಟ ತಿರುವಲಿಲ್ಲ. ತಿರುವಲಿಕ್ಕೆ ಅದರ ಮುಂದೆ ಪುಟವೂ ಇರಲಿಲ್ಲ.

೬. ಮುಕ್ತಾಯಗಳು (ಬೇಕಾದದ್ದನ್ನು ಆರಿಸಿಕೊಳ್ಳಿ)

ಅ) ಬಸ್ಸಿನಲ್ಲೇ ಸಂಪದಾ ಎಲ್ಲವನ್ನೂ ಹೇಳಿಬಿಡುತ್ತಾಳೆ. ತಾಯಿ ಮಗಳು ತಬ್ಬಿ ಅಳುತ್ತಾರೆ. ದೂರದಲ್ಲಿ ಗೋಳಗುಮ್ಮಟ ಕಾಣುತ್ತದೆ. ಅದು ಕಂಡಮೇಲೆ ಪ್ರತಿಧ್ವನಿಯ ಒಂದು ಉಪಮೆಯನ್ನು ತರದೆ ಬಿಡುವ ಲೇಖಕರು ನಮ್ಮೂರಲ್ಲಿ ಹುಟ್ಟಿಲ್ಲ.

“ಬಸ್ಸಿನ್ಯಾಗ ಅಳಾಕ ನಮಗೇನ ಹುಚ್ಚೇನು? ಹಿಂದಿನ ಸೀಟಿನ್ಯಾಗ ನಮ್ಮ ಓಣಿಯವರು ಕುಂತಿದ್ರು,” ಅಂದಳು ಸಂಪದಾ. ಹೊಡೆದು ಹಾಕಿದೆ.

ಆ) ಡ್ರ್ಯಾಗನ್ ಬರುತ್ತದೆ. ಗುಮ್ಮಟದ ಮೇಲೆ ಕೂರುತ್ತದೆ. ಎಲ್ಲರೂ ಮೊಬೈಲ್ ಹಿಡಿದು ಓಡುತ್ತಾರೆ. ಆ ಗದ್ದಲದಲ್ಲಿ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. (ಸಂಪದಾ ಇದಕ್ಕೆ ಒಪ್ಪಿದ್ದಳು. ನನಗೇ ನಾಚಿಕೆಯಾಯಿತು.)

ಇ) ಅಮೋಘಿ ಮರೆತುಬಿಡುತ್ತಾಳೆ. ಪರೀಕ್ಷೆ ಬರುತ್ತದೆ, ಗೆಳತಿಯರು ಬರುತ್ತಾರೆ.

“ಹಂಗ ಮಡಚಿ ಇಟ್ಟಾಕಿ ಮರಿಯಾಕಿ ಅಲ್ಲ,” ಅಂದಳು ಸಂಪದಾ. ದನಿ ಸಣ್ಣದಾಗಿತ್ತು. “ನೀ ಒಂದು ಕೆಲಸ ಮಾಡು. ಅಕಿ ಕೇಳಿದ್ರ ನಾ ಏನ ಹೇಳ್ಬೇಕು ಅನ್ನೂದು ಬರದು ಕೊಡು. ಇಷ್ಟು ಬರ್ದೀಯಲ್ಲ.”

ಬರೆದು ಕೊಟ್ಟೆ. ‘ನನ್ನ ಯಾಕ ಮಾರಿದ್ರಿ’ ಎಂದು ಕೇಳಿದರೆ ಇದು. ‘ಯಾಕೆ ಮುಚ್ಚಿಟ್ಟೆ’ ಎಂದರೆ ಇದು. ‘ನಾ ಅಕಿ ಬದಲಿಗೆ ಬಂದಾಕೇನು’ ಎಂದರೆ, ಇದನ್ನು ಬರೆಯಲಿಕ್ಕೆ ಒಂದಿಡೀ ಮಧ್ಯಾಹ್ನ ಹಿಡಿಯಿತು, ಇದು. ಸಂಪದಾ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಳು.

೧ (ಮತ್ತೆ)

ಬೆಳಗು. ಹಂಚು ಕಾದಿದೆ. ಹಿಟ್ಟು ಅಂಗೈಯ ಕೆಳಗೆ ತಿರುಗುತ್ತಿದೆ. ಅಮೋಘಿ ಬಾಗಿಲಿಗೆ ಬಂದು ನಿಂತಿದ್ದಾಳೆ, ಎರಡೂ ಕಾಲಿಗೆ ಕಾಲುಚೀಲವಿದೆ, ಕೈಯಲ್ಲಿ ಪುಸ್ತಕವಿಲ್ಲ. ಬಲಗೈ ಚೌಕಟ್ಟಿನ ಮೇಲಿದೆ. ಅಲ್ಲಿ ಕೊಂಡಿಯೇನೂ ಇಲ್ಲ. ನಮ್ಮ ಬಾಗಿಲಿಗೆ ಅಂಥ ಪದ್ಧತಿ ಇಲ್ಲ. ಆದರೂ ಬೆರಳು ಏನನ್ನೋ ಹುಡುಕುತ್ತಿದೆ.

ಸಂಪದಾ ಬೆನ್ನು ತಿರುಗಿಸಿಯೇ ಮೂರೂ ಉತ್ತರಗಳನ್ನು ಮನಸ್ಸಿನಲ್ಲಿ ಒಮ್ಮೆ ಹೇಳಿಕೊಂಡಳು. ಸರಿಯಾಗಿದ್ದವು. ಗ್ಯಾಸು ಸಣ್ಣದು ಮಾಡಿದಳು. ಕೈಗಂಟಿದ ಹಿಟ್ಟನ್ನು ತಿಕ್ಕಿ ಉದುರಿಸಿದಳು. ನನ್ನ ಕಡೆ ಒಮ್ಮೆ ನೋಡಿದಳು, ಪೆನ್ನು ಕೆಳಗಿಡು ಎನ್ನುವ ಹಾಗೆ. ಇಡುತ್ತೇನೆ. ಇದರ ಮುಂದಿನದು ಬರೆಯುವವಳ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲೂ ಇಲ್ಲ.

ಅವಳು ಮಗಳ ಕಡೆ ತಿರುಗಿದಳು.

“ಕೇಳು ನನ್ನವ್ವ,” ಅಂದಳು.

ಅಮೋಘಿ ಕೇಳಿದಳು. ಬರೆದುಕೊಟ್ಟ ಮೂರರಲ್ಲಿ ಅದು ಯಾವುದೂ ಅಲ್ಲ.

“ಅವ್ವಾ, ನಮ್ಮಕ್ಕನ ಹೆಸರೇನಿತ್ತು?”